ಮೆಡೋಸ್ ಟೇಲರ್: ದೇಹ ಸೋತ ಮೇಲೆ

ಯಾಪಲದಿನ್ನಿಯ ಕಡೆಯಿಂದ ಕೃಷ್ಣೆಯನ್ನು ದಾಟಿ ಸುರಪುರಕ್ಕೆ ಹೋದಾಗಲೆಲ್ಲ ನನಗೆ ಮೆಡೋಸ್ ಟೇಲರನ ನೆನಪಾಗುತ್ತದೆ. ೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈತನು ಹದಿನಾರರ ಎಳೆವಯಸ್ಸಿನಲ್ಲಿಯೇ ನಿಜಾಮನ ಸೈನ್ಯವನ್ನು ಸೇರಿದನು. ೧೮೪೧ರಲ್ಲಿ ಸುರಪುರಕ್ಕೆ ಬಂದು, ಬಾಲರಾಜ ವೆಂಕಟಪ್ಪ ನಾಯಕನಿಗೆ ತಂದೆಯಂತಾದನು. ಆ ಮಗುವೇ ೧೮೫೮ರಲ್ಲಿ ದಂಗೆಯೆದ್ದು ಅಳಿದುಹೋದದ್ದು ಟೇಲರನ ಎದೆಗೆ ಬಿದ್ದ ಪೆಟ್ಟು ಎಂದೇ ನನ್ನೆಣಿಕೆ.

೧೮೬೦ರಲ್ಲಿ ಆರೋಗ್ಯ ಕೆಟ್ಟು ತಾಯ್ನಾಡಿಗೆ ಮರಳಿದನು. ಖಡ್ಗದ ಗಾಯಕ್ಕೆ ಕಲೆಯುಂಟು. ಬಿಸಿಲು, ಜ್ವರ, ದುಡಿಮೆಗಳ ಸವೆತಕ್ಕೆ ಗುರುತೆಲ್ಲಿ? ಸೈನಿಕನ ದೇಹವನ್ನು ತೂಗುವವರಿಗೆ ಇದು ಇಂದಿಗೂ ಕಠಿಣವೇ. ಟೇಲರನೋ ಲೇಖನಿ ಹಿಡಿದನು. ‘ತಾರಾ’ ೧೮೬೩ರಲ್ಲಿ ಹೊರಬಂದಿತು. ಕಡೆಗೆ ಕಣ್ಣೂ ಕೈಕೊಟ್ಟಿತು. ೧೮೭೫ರಲ್ಲಿ ಮತ್ತೆ ಭಾರತಕ್ಕೆ ಬಂದವನನ್ನು ಜ್ವರವೇ ಎದುರುಗೊಂಡಿತು. ಮರಳುವ ದಾರಿಯಲ್ಲಿ, ಫ್ರಾನ್ಸಿನ ಮೆಂಟನ್ನಿನಲ್ಲಿ, ೧೮೭೬ರ ಮೇ ೧೩ರಂದು ತೀರಿಕೊಂಡನು. ಆತ್ಮಕಥೆ ಮರುವರ್ಷ ಅಚ್ಚಾಯಿತು.