ಹಾರ್ಡ್‌ವಿಕ್ ಸೌಧದ ಒಡತಿ

ಇಂಗ್ಲೆಂಡಿನ ನಡುಭಾಗದ ಡರ್ಬಿಶೈರ್ ಪ್ರಾಂತದಲ್ಲಿ ಒಂದು ದಿಬ್ಬದ ಮೇಲೆ ಎರಡು ಸೌಧಗಳು ಅಕ್ಕಪಕ್ಕದಲ್ಲಿ ನಿಂತಿವೆ. ಒಂದು ಛಾವಣಿಯಿಲ್ಲದ ಪಾಳುಗೋಡೆ. ಇನ್ನೊಂದು ಆರು ಗೋಪುರಗಳ ಭವ್ಯ ಭವನ. ಪ್ರತಿ ಗೋಪುರದ ನೆತ್ತಿಯಲ್ಲಿಯೂ ಇ, ಎಸ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಆಳೆತ್ತರದ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ. ಅವು ಎಲಿಜಬೆತ್ ಶ್ರೂಸ್‌ಬರಿ ಎಂಬ ಮಹಿಳೆಯ ಹೆಸರಿನ ಮೊದಲಕ್ಷರಗಳು. ಇತಿಹಾಸ ಆಕೆಯನ್ನು ಹಾರ್ಡ್‌ವಿಕ್ಕಿನ ಬೆಸ್ ಎಂದೇ ಬಲ್ಲದು.

ಬೆಸ್ ಹುಟ್ಟಿದ್ದು ಸುಮಾರು 1527ರಲ್ಲಿ, ಅದೇ ದಿಬ್ಬದ ಮೇಲಿದ್ದ ಒಂದು ಸಾಧಾರಣ ಜಮೀನುದಾರರ ಮನೆಯಲ್ಲಿ. ಆಕೆ ಹಸುಗೂಸಾಗಿದ್ದಾಗಲೇ ತಂದೆ ತೀರಿಕೊಂಡ. ವಾರಸುದಾರನು ಅಪ್ರಾಪ್ತ ವಯಸ್ಕನಾದರೆ ಆಸ್ತಿಯ ಮೇಲ್ವಿಚಾರಣೆಗೆ ಅರಸೊತ್ತಿಗೆ ಕೈಹಾಕುವುದು ಆಗಿನ ಪದ್ಧತಿ. ಗಂಡುಮಗ ಇನ್ನೂ ಎಳೆಯವನಾದ್ದರಿಂದ ಆ ಕುಟುಂಬ ಬಡತನವನ್ನು ಕಂಡಿತು. ಹದಿಹರೆಯದಲ್ಲಿ ಬೆಸ್‌ಗೆ ಮದುವೆಯಾಯಿತು. 1544ರಲ್ಲಿ ಆ ಬಾಲಪತಿಯೂ ಮರಣಹೊಂದಿದ. ವಿಧವೆಗೆ ಸಲ್ಲಬೇಕಾದ ಭಾಗವನ್ನು ಕೊಡಲು ಗಂಡನ ಕಡೆಯವರು ಒಪ್ಪಲಿಲ್ಲ. ಆ ಎಳೆಯ ಹೆಣ್ಣು ನ್ಯಾಯಾಲಯದ ಮೆಟ್ಟಿಲು ಹತ್ತಿ ತನ್ನ ಹಕ್ಕನ್ನು ಪಡೆದುಕೊಂಡಳು. ಭೂಮಿಯೊಂದೇ ನಂಬತಕ್ಕ ಆಸರೆ ಎಂಬುದನ್ನು ಆಕೆ ಕಲಿತದ್ದು ಅಲ್ಲಿಯೇ ಇರಬೇಕು.

1547ರಲ್ಲಿ ಆಕೆ ಸರ್ ವಿಲಿಯಂ ಕ್ಯಾವೆಂಡಿಷ್ ಎಂಬ ರಾಜಾಧಿಕಾರಿಯನ್ನು ವರಿಸಿದಳು. ದಕ್ಷಿಣದ ಜಮೀನುಗಳನ್ನು ಮಾರಿಸಿ ತನ್ನ ತವರು ಸೀಮೆಯಲ್ಲಿ ಭೂಮಿ ಕೊಳ್ಳುವಂತೆ ಅವನನ್ನು ಒಡಂಬಡಿಸಿದಳು. 1549ರಲ್ಲಿ ಕೊಂಡ ಚಾಟ್ಸ್‌ವರ್ತ್ ಅವುಗಳಲ್ಲೊಂದು. ಎಂಟು ಮಕ್ಕಳು ಹುಟ್ಟಿ, ಆರು ಉಳಿದರು. ಹತ್ತೇ ವರ್ಷದಲ್ಲಿ ಕ್ಯಾವೆಂಡಿಷ್ ತೀರಿಕೊಂಡಾಗ ಸರ್ಕಾರಕ್ಕೆ ಸಲ್ಲಬೇಕಾದ ದೊಡ್ಡ ಬಾಕಿ ಆಕೆಯ ತಲೆಯ ಮೇಲೆ ಬಿತ್ತು. ಮೂರನೆಯ ಪತಿ ಸರ್ ವಿಲಿಯಂ ಸೇಂಟ್ ಲೋ ಆ ಭಾರವನ್ನು ಇಳಿಸಲು ನೆರವಾದ. ಸಾಯುವಾಗ ತನ್ನ ಆಸ್ತಿಯನ್ನೂ ಆಕೆಗೇ ಬರೆದಿಟ್ಟ.

ನಾಲ್ಕನೆಯ ಪತಿ ಶ್ರೂಸ್‌ಬರಿಯ ಅರ್ಲ್ ರಾಜ್ಯದ ಮಹಾಶ್ರೀಮಂತರಲ್ಲೊಬ್ಬ. ಈ ಸಂಬಂಧವನ್ನು ಬಿಗಿಗೊಳಿಸಲು ಬೆಸ್ ತನ್ನ ಇಬ್ಬರು ಮಕ್ಕಳನ್ನು ಅವನ ಇಬ್ಬರು ಮಕ್ಕಳಿಗೆ ತಂದುಕೊಂಡಳು. ಆ ಹೆಣ್ಣುಮಕ್ಕಳು ಇನ್ನೂ ಬಾಲ್ಯವನ್ನೇ ದಾಟಿರಲಿಲ್ಲ! 1569ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಸೆರೆಯಲ್ಲಿಟ್ಟು ಕಾಯುವ ಹೊಣೆಯನ್ನು ಎಲಿಜಬೆತ್ ರಾಣಿಯು ಅರ್ಲ್‌ಗೆ ವಹಿಸಿದಳು. ಮೊದಮೊದಲು ಸೆರೆಯಾಳು ರಾಣಿಯೂ ಮನೆಯೊಡತಿಯೂ ಜೊತೆಯಲ್ಲಿ ಕುಳಿತು ಕಸೂತಿ ಹಾಕಿದ್ದುಂಟು. ಹದಿನೈದು ವರ್ಷಗಳ ಆ ಕಾವಲು ಅರ್ಲ್‌ನ ಬೊಕ್ಕಸವನ್ನು ಸೋರಿಸಿತು, ಮನಸ್ಸನ್ನು ಕೆಡಿಸಿತು. ದಂಪತಿಗಳು ಬೇರೆಯಾದರು. ಬೆಸ್ ಹುಟ್ಟೂರಿಗೆ ಮರಳಿ, ಸಾಲದಲ್ಲಿ ಸತ್ತಿದ್ದ ಸೋದರನ ಮನೆಯನ್ನು ತಾನೇ ಕೊಂಡು ವಿಸ್ತರಿಸತೊಡಗಿದಳು.

ಅದು ಮುಗಿಯುವ ಮೊದಲೇ, 1590ರಲ್ಲಿ, ಪಕ್ಕದಲ್ಲಿಯೇ ಹೊಸ ಸೌಧಕ್ಕೆ ಅಡಿಪಾಯ ಬಿದ್ದಿತು. ಅದೇ ವರ್ಷ ಅರ್ಲ್ ಮಡಿದುದರಿಂದ ಹಣಕ್ಕೆ ಕೊರತೆಯಿರಲಿಲ್ಲ. ನಕ್ಷೆ ರಾಬರ್ಟ್ ಸ್ಮಿತ್‌ಸನ್ ಎಂಬ ಶಿಲ್ಪಿಯದು ಎನ್ನುತ್ತಾರೆ. ಕಲ್ಲು, ಮರ, ಸೀಸ, ಗಾಜು ಬಹುಮಟ್ಟಿಗೆ ಆಕೆಯ ಸ್ವಂತ ನೆಲದಿಂದಲೇ ಬಂದವು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ, ಅಂತಸ್ತಿನಿಂದ ಅಂತಸ್ತಿಗೆ ಎತ್ತರವಾಗುತ್ತ ಹೋಗುವ ಆ ಕಿಟಕಿಗಳು ಸಂಜೆ ಬಿಸಿಲಿಗೆ ಹೊಳೆಯುವಾಗ ನೋಡಿದವರು ಬೆರಗಾಗದೆ ಇರುತ್ತಿದ್ದರೇ? 1597ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಬೆಸ್ ಗೃಹಪ್ರವೇಶ ಮಾಡಿದಳು.

ಆ ಮನೆ ಎಲ್ಲರಿಗೂ ಸುಖವನ್ನು ನೀಡಲಿಲ್ಲ. ರಾಜವಂಶದ ರಕ್ತಸಂಬಂಧವಿದ್ದ ಮೊಮ್ಮಗಳು ಅರ್ಬೆಲ್ಲಾ ಸಿಂಹಾಸನವನ್ನು ಏರಬಹುದೆಂದು ಅಜ್ಜಿ ಆಸೆಪಟ್ಟು, ಆಕೆಯನ್ನು ಕಣ್ಣಳತೆಯಲ್ಲಿಯೇ ಇಟ್ಟುಕೊಂಡಿದ್ದಳು. ಇಪ್ಪತ್ತೇಳು ತುಂಬಿದರೂ ಅವಳಿಗೆ ಸ್ವಾತಂತ್ರ್ಯವಿಲ್ಲ. 1603ರಲ್ಲಿ ಅವಳು ತಪ್ಪಿಸಿಕೊಳ್ಳಲು ಹವಣಿಸಿದಾಗ ಅಜ್ಜಿ ಅವಳ ಹೆಸರನ್ನು ಉಯಿಲಿನಿಂದಲೇ ಹೊಡೆದುಹಾಕಿದಳು. ತಾನು ಬಾಲ್ಯದಲ್ಲಿ ಪಟ್ಟ ಪಾಡು ಆ ಗಳಿಗೆಯಲ್ಲಿ ಆಕೆಗೆ ನೆನಪಾಗಲಿಲ್ಲವೆಂಬುದು ನನಗೆ ಇಂದಿಗೂ ವ್ಯಥೆಯ ಸಂಗತಿ.

1608ರಲ್ಲಿ ಬೆಸ್ ಕಾಲವಾದಳು. ಹಾರ್ಡ್‌ವಿಕ್ ಎರಡನೆಯ ಮಗ ವಿಲಿಯಂನ ಪಾಲಿಗೆ ಬಂದಿತು. ಡೆವನ್‌ಷೈರ್‌ನ ಡ್ಯೂಕರಾದ ಅವನ ವಂಶಜರು ಚಾಟ್ಸ್‌ವರ್ತ್‌ನಲ್ಲಿಯೇ ಹೆಚ್ಚಾಗಿ ನೆಲೆಸಿದ್ದರಿಂದ ಹಾರ್ಡ್‌ವಿಕ್ಕನ್ನು ಕಾಲಕ್ಕೆ ತಕ್ಕಂತೆ ಬದಲಾಯಿಸುವ ಗೊಡವೆಗೆ ಯಾರೂ ಹೋಗಲಿಲ್ಲ. ಅಲಕ್ಷ್ಯವೇ ಅದನ್ನು ಕಾಪಾಡಿತು. ತತ್ತ್ವಜ್ಞಾನಿ ಥಾಮಸ್ ಹಾಬ್ಸ್ 1679ರಲ್ಲಿ ಕಣ್ಣುಮುಚ್ಚಿದ್ದು ಇಲ್ಲಿಯೇ. 1950ರಲ್ಲಿ ಡ್ಯೂಕ್ ಮರಣಹೊಂದಿದಾಗ ಬಿದ್ದ ಭಾರಿ ಮರಣತೆರಿಗೆಯ ಬಾಬ್ತಿಗೆ ಮನೆಯನ್ನೇ ಒಪ್ಪಿಸಬೇಕಾಯಿತು. 1959ರಲ್ಲಿ ಅದು ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶಕ್ಕೆ ಬಂದಿತು.

ಬೆಸ್ 1592ರಲ್ಲಿ ಕೊಂಡಿದ್ದ ಹದಿಮೂರು ಚಿತ್ರಗಂಬಳಿಗಳು ಅಲ್ಲಿನ ಉದ್ದನೆಯ ಮೊಗಸಾಲೆಯಲ್ಲಿವೆ. ಅವುಗಳ ಮೇಲಿದ್ದ ಹಳೆಯ ಒಡೆಯನ ಲಾಂಛನವನ್ನು ಮರೆಮಾಡಬೇಕೆಂಬ ನೆಪದಿಂದ ಆಕೆ ಬೆಲೆಯಲ್ಲಿ ಐದು ಪೌಂಡು ಇಳಿಸಿಕೊಂಡಳು. ಆಮೇಲೆ ಅವನ ಲಾಂಛನದ ಹೆಣ್ಣುಜಿಂಕೆಗಳಿಗೆ ಕೊಂಬು ಬರೆಸಿ ಕ್ಯಾವೆಂಡಿಷ್ ಮನೆತನದ ಗಂಡುಜಿಂಕೆಗಳನ್ನಾಗಿ ಮಾಡಿದಳು! ಇಪ್ಪತ್ತನಾಲ್ಕು ವರ್ಷಗಳ ಕಾಲ ಅವುಗಳನ್ನು ಒಂದೊಂದಾಗಿ ತೊಳೆದು, ಹೊಲಿದು, ದುರಸ್ತಿಗೊಳಿಸಿ, 2023ರಲ್ಲಿ ಕೊನೆಯದನ್ನು ಮತ್ತೆ ಅದರ ಗೋಡೆಗೆ ತೂಗುಹಾಕಿದರು.