ದಿವಾನ್ ಒಂದನೆಯ ಸಾಲಾರ್ ಜಂಗ್ (1829–1883) ಮತ್ತು ನಿಜಾಮ್ ಸಂಸ್ಥಾನದ ರೈಲುಮಾರ್ಗ

ಇಂದಿನ ಬಳಗಾನೂರು, ಮಸ್ಕಿ, ಸಿಂಧನೂರು ಹಾಗೂ ಲಿಂಗಸುಗೂರು ಭಾಗವು ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಕಂದಾಯ ಆಡಳಿತವನ್ನು ಸುಧಾರಿಸಿ, ಸಂಸ್ಥಾನದ ಸ್ವಂತ ರೈಲುಮಾರ್ಗಕ್ಕೆ ಅಡಿಪಾಯ ಹಾಕಿದವರು ದಿವಾನ್ ಒಂದನೆಯ ಸಾಲಾರ್ ಜಂಗ್ ಅವರು.

ಜನನ ಮತ್ತು ಅಧಿಕಾರ ಸ್ವೀಕಾರ

ಇವರ ಮೂಲ ಹೆಸರು ಮೀರ್ ತುರಾಬ್ ಅಲಿ ಖಾನ್. ಇವರು 1829ರಲ್ಲಿ ಜನಿಸಿದರು. ಇವರ ಪೂರ್ವಜರು ಬಿಜಾಪುರದ ಆದಿಲಶಾಹಿ ಅರಸರ ಸೇವೆಯಲ್ಲಿದ್ದು, ಕಾಲಾನಂತರದಲ್ಲಿ ನಿಜಾಮರ ಆಡಳಿತದಲ್ಲಿ ಉನ್ನತ ಹುದ್ದೆಗಳನ್ನು ಹೊಂದಿದ್ದರು. ದಿವಾನರಾಗಿದ್ದ ತಮ್ಮ ತಂದೆಯ ಸಹೋದರ ಸಿರಾಜ್-ಉಲ್-ಮುಲ್ಕ್ ಅವರು 1853ರಲ್ಲಿ ನಿಧನರಾದಾಗ, 24ನೆಯ ವಯಸ್ಸಿನಲ್ಲಿ ಇವರು ದಿವಾನ ಪದವಿಗೆ ಬಂದರು.

ಅದಕ್ಕೆ ಕೆಲವೇ ದಿನಗಳ ಮೊದಲು, ಸೈನ್ಯದ ವೆಚ್ಚಕ್ಕಾಗಿ ಬೆಳೆದ ಸಾಲದ ಕಾರಣ, ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬ್ ಪ್ರದೇಶ ಹಾಗೂ ಬೇರಾರ್ ಪ್ರಾಂತ್ಯವು ಬ್ರಿಟಿಷರ ವಶಕ್ಕೆ ಹೋಗಿದ್ದವು. 1860ರ ಒಪ್ಪಂದದಂತೆ ದೋಆಬ್ ಪ್ರದೇಶವು ಮರಳಿ ದೊರೆಯಿತು. ಬೇರಾರ್ ದೊರೆಯಲಿಲ್ಲ. ಅದನ್ನು ಮರಳಿ ಪಡೆಯಲು ಇವರು ಕೊನೆಯವರೆಗೂ ಪ್ರಯತ್ನಿಸಿದರು. 1876ರಲ್ಲಿ ಇಂಗ್ಲೆಂಡಿಗೆ ಭೇಟಿ ನೀಡಿದರೂ ಆ ಪ್ರಯತ್ನವು ಫಲಿಸಲಿಲ್ಲ.

ಆಡಳಿತ ಸುಧಾರಣೆ

ಇವರಿಗಿಂತ ಮುಂಚೆ ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ಗುತ್ತಿಗೆದಾರರು ಹೆಚ್ಚು ವಸೂಲಿ ಮಾಡಿದಷ್ಟೂ ಅವರಿಗೇ ಲಾಭವಾಗುತ್ತಿದ್ದುದರಿಂದ ರೈತರು ತೊಂದರೆಗೊಳಗಾಗುತ್ತಿದ್ದರು. ಸಾಲಾರ್ ಜಂಗ್ ಅವರು ಈ ಪದ್ಧತಿಯನ್ನು ಕೈಬಿಟ್ಟು ಸಂಬಳ ಪಡೆಯುವ ಅಧಿಕಾರಿಗಳನ್ನು ನೇಮಿಸಿದರು. 1865ರಲ್ಲಿ ಜಿಲ್ಲಾಬಂದಿ ವ್ಯವಸ್ಥೆಯನ್ನು ಜಾರಿಗೊಳಿಸಿ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿದರು. ಲಿಂಗಸುಗೂರು 1905ರವರೆಗೂ ಪ್ರತ್ಯೇಕ ಜಿಲ್ಲೆಯಾಗಿತ್ತು.

ರೈಲುಮಾರ್ಗದ ನಿರ್ಮಾಣ

ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ರೈಲ್ವೆ ಕಂಪನಿಗಳ ಮಾರ್ಗಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆದರೆ ರಾಜಧಾನಿ ಹೈದರಾಬಾದ್ ಈ ಮಾರ್ಗದಿಂದ ದೂರವೇ ಉಳಿಯಿತು. ಆದ್ದರಿಂದ 1870ರಲ್ಲಿಯೇ ಮಾಡಿಕೊಂಡಿದ್ದ ಒಪ್ಪಂದದಂತೆ, ಇಂದಿನ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ಸಂಸ್ಥಾನದ ವೆಚ್ಚದಲ್ಲಿ ಮಾರ್ಗವನ್ನು ನಿರ್ಮಿಸಿ 1874ರಲ್ಲಿ ಸಂಚಾರಕ್ಕೆ ತೆರೆಯಲಾಯಿತು.

ಕಂಪನಿಯ ಸ್ಥಾಪನೆ ಮತ್ತು ಸಾರ್ವಜನಿಕರ ಆಕ್ಷೇಪಣೆ

ಈ ಮಾರ್ಗವನ್ನು ವಿಸ್ತರಿಸುವ ಮಾತುಕತೆಗಳು ನಡೆದಿರುವಾಗಲೇ, 1883ರ ಫೆಬ್ರವರಿ 8ರಂದು ಸಾಲಾರ್ ಜಂಗ್ ಅವರು ಕಾಲರಾ ರೋಗದಿಂದ ನಿಧನರಾದರು. ಅದೇ ವರ್ಷ ಲಂಡನ್ನಿನಲ್ಲಿ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಕಂಪನಿಯು ಸ್ಥಾಪನೆಯಾಯಿತು. ಕಂಪನಿಯ ಬಂಡವಾಳಕ್ಕೆ 20 ವರ್ಷಗಳ ಕಾಲ ವಾರ್ಷಿಕ ಶೇ. 5ರ ಬಡ್ಡಿಯ ಖಾತರಿಯನ್ನು ಸಂಸ್ಥಾನವು ನೀಡಿತು. ರೈಲಿನ ಆದಾಯವು ಬಡ್ಡಿಗೆ ಸಾಲದಿದ್ದಲ್ಲಿ, ಕೊರತೆಯನ್ನು ಪ್ರಜೆಗಳ ಕಂದಾಯದಿಂದ ತುಂಬುವ ಖಜಾನೆಯೇ ಭರಿಸಬೇಕಾಗಿತ್ತು.

ಚಾಂದಾ ರೈಲ್ವೆ ಯೋಜನೆ ಎಂದು ಹೆಸರಾದ ಈ ಪ್ರಸ್ತಾವದ ವಿವರಗಳನ್ನು ಬಹಿರಂಗಪಡಿಸುವಂತೆ ಹೈದರಾಬಾದಿನ ಸಾರ್ವಜನಿಕರು 1883ರಲ್ಲಿಯೇ ಒತ್ತಾಯಿಸಿದರು. ಇದರ ಮುಂದಾಳುಗಳಲ್ಲಿ ಒಬ್ಬರಾದ, ಸರೋಜಿನಿ ನಾಯ್ಡು ಅವರ ತಂದೆ ಡಾ. ಅಘೋರನಾಥ ಚಟ್ಟೋಪಾಧ್ಯಾಯ ಅವರನ್ನು ಸಂಸ್ಥಾನದಿಂದ ಗಡೀಪಾರು ಮಾಡಲಾಯಿತು. ಸರ್ಕಾರದ ಒಪ್ಪಂದವೊಂದರ ಮಾಹಿತಿ ಕೇಳಿದ್ದಕ್ಕೆ ಅಂದು ದೊರೆತ ಉತ್ತರವು ಇದಾಗಿತ್ತು.

ನಂತರದ ಬೆಳವಣಿಗೆ

ಮಾರ್ಗವು 1889ರಲ್ಲಿ ಬೆಜವಾಡವನ್ನು (ಇಂದಿನ ವಿಜಯವಾಡ) ತಲುಪಿತು. 1930ರಲ್ಲಿ ಸಂಸ್ಥಾನ ಸರ್ಕಾರವು ಕಂಪನಿಯನ್ನು ಖರೀದಿಸಿತು. ಸ್ವಾತಂತ್ರ್ಯಾನಂತರ ಇದು ಭಾರತೀಯ ರೈಲ್ವೆಯಲ್ಲಿ ವಿಲೀನಗೊಂಡಿತು. ರಾಯಚೂರಿಗೆ 1871ರಲ್ಲಿ ಬಂದ ರೈಲು ಸಿಂಧನೂರಿಗೆ ಬಂದದ್ದು 2024ರಲ್ಲಿ, ಗಿಣಿಗೇರಾ–ಮಹಬೂಬ್‌ನಗರ ಮಾರ್ಗದ ಮೂಲಕ. ದೋಆಬ್‌ನ ಒಳನಾಡಿನ ಜನರು ಅದಕ್ಕಾಗಿ ಒಂದೂವರೆ ಶತಮಾನ ಕಾಯಬೇಕಾಯಿತು.