ಮನಸ್ಸನ್ನು ಅಳೆಯಲು ಹೊರಟ ಮೇಷ್ಟರು: ಡಾ. ಎಂ. ವಿ. ಗೋಪಾಲಸ್ವಾಮಿ

ಮನುಷ್ಯನ ಬುದ್ಧಿಯನ್ನೂ ಸ್ವಭಾವವನ್ನೂ ಪರೀಕ್ಷೆಗಳಿಂದ ಅಳೆಯುವ ಶಾಸ್ತ್ರವನ್ನು ಕನ್ನಡ ನಾಡಿಗೆ ತಂದವರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಅಗ್ರಗಣ್ಯರು. 1896ರಲ್ಲಿ ಜನಿಸಿದ ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್ಮನ್ನರ ಶಿಷ್ಯರಾಗಿ ಡಾಕ್ಟರೇಟ್ ಪಡೆದರು. ಹಲವು ಪರೀಕ್ಷೆಗಳ ಅಂಕಗಳು ಜೊತೆಜೊತೆಯಾಗಿ ಏರಿಳಿಯುವುದನ್ನು ಗಣಿತದಿಂದ ಪರಿಶೀಲಿಸಿ, ಅವುಗಳ ಹಿಂದಿನ ಸಮಾನ ಅಂಶವನ್ನು ಗುರುತಿಸುವುದು ಆ ಗುರುವಿನ ವಿಧಾನ. ಅದೇ ಮಾರ್ಗವನ್ನು ಮುಂದುವರಿಸಿ ರೇಮಂಡ್ ಕ್ಯಾಟಲ್ 1949ರಲ್ಲಿ ಹದಿನಾರು ಅಂಶಗಳ ವ್ಯಕ್ತಿತ್ವ ಪ್ರಶ್ನಾವಳಿಯನ್ನು ಪ್ರಕಟಿಸಿದರು.

ಬ್ರಜೇಂದ್ರನಾಥ ಶೀಲರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಆರಂಭವಾಯಿತು. ಅವರು ಅಲ್ಲಿ ಪ್ರಯೋಗಶಾಲೆಯನ್ನು ಕಟ್ಟಿದರು. ಪಾಶ್ಚಾತ್ಯ ಪರೀಕ್ಷೆಗಳನ್ನು ನಮ್ಮ ಪರಿಸರಕ್ಕೆ ಹೊಂದಿಸುವ ಕಾರ್ಯದಲ್ಲಿ ತೊಡಗಿದರು.

ಈ ಹೊಂದಿಸುವಿಕೆ ಬರಿಯ ಭಾಷಾಂತರವಲ್ಲ. ಪ್ಯಾರಿಸ್ಸಿನ ಮಗುವಿಗೆ ರಚಿಸಿದ ಪ್ರಶ್ನೆಗೆ ನಮ್ಮ ಮಗು ತಡವರಿಸಿದರೆ, ಕೊರತೆ ಬುದ್ಧಿಯದಲ್ಲ, ಪ್ರಶ್ನೆಯದಾಗಿರಬಹುದು. ವ್ಯಕ್ತಿತ್ವದ ಪ್ರಶ್ನಾವಳಿಯಲ್ಲಿ ಈ ತೊಡಕು ಇನ್ನೂ ಸೂಕ್ಷ್ಮ. ಹಿರಿಯರೆದುರು ಮೌನವಾಗಿರುವುದೇ ವಿನಯವೆಂದು ಕಲಿತ ಮಗು, ಅಪರಿಚಿತರೊಡನೆ ಮಾತನಾಡಲು ಇಷ್ಟವೇ ಎಂಬ ಪ್ರಶ್ನೆಗೆ ಇಲ್ಲವೆಂದರೆ, ಅದು ಸಂಕೋಚ ಸ್ವಭಾವವೋ ಸಂಸ್ಕಾರವೋ? ಮುಂದೆ ವಿ. ವಿ. ಕಾಮತರು ಬೀನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿ, 1940ರಲ್ಲಿ ಗ್ರಂಥರೂಪದಲ್ಲಿ ಹೊರತಂದದ್ದೂ ಇದೇ ದಾರಿಯ ಸಾಧನೆ.

ಗೋಪಾಲಸ್ವಾಮಿಯವರ ಆಸಕ್ತಿ ಪ್ರಯೋಗಶಾಲೆಗೆ ಸೀಮಿತವಾಗಿರಲಿಲ್ಲ. 1935ರಲ್ಲಿ ಅವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ಆಕಾಶವಾಣಿ ಎಂಬ ಅದರ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. 1957ರಲ್ಲಿ ಅವರು ನಿಧನರಾದರು.

ನಮ್ಮ ಸೀಮೆಗೆ ಈ ಜೀವನವು ದೂರದ್ದಲ್ಲ. 1956ರವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಗಡಿಗೆರೆ ಬದಲಾದರೂ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಉರ್ದು ಕೇಳುತ್ತ ಬೆಳೆಯುವ ಮಕ್ಕಳು ಇಲ್ಲಿ ಇಂದಿಗೂ ಇದ್ದಾರೆ. ಪರನುಡಿಯ ಪ್ರಶ್ನೆಗೆ ಉತ್ತರಿಸದ ಮಗುವನ್ನು ಮಂದನೆಂದು ಕರೆದರೆ ಆ ಹೆಸರು ಬಹುಕಾಲ ಅಂಟಿಕೊಳ್ಳುತ್ತದೆ. ಅಳೆಯುವ ಮುನ್ನ ಅಳತೆಗೋಲನ್ನೇ ಪರೀಕ್ಷಿಸಬೇಕೆಂಬುದು ಗೋಪಾಲಸ್ವಾಮಿಯವರ ಕಾರ್ಯದಿಂದ ದೊರೆಯುವ ಪಾಠ. ಮಗುವಿನ ನುಡಿಯಲ್ಲಿಯೇ ಮಗುವನ್ನು ಅರಿಯುವ ಕನ್ನಡ ಶಾಲೆಯ ಅಗತ್ಯವೂ ಅದರಲ್ಲಿಯೇ ಅಡಗಿದೆ.